ದೋಣಿಗೊಂದು ಸೆರಗು: ಮರದ ಇನ್‌ಲೇ ಯಾವುದು ಮಾಡಿಸಬೇಕು, ಎಲ್ಲಿ ಮಾಡಿಸಬೇಕು?

“ನೀರಿಗೆ ಬಿಡೂ ದೋಣಿಗೆ ಸೀರಿ ದಡಿ ಯಾಕೋ ತಮ್ಮಾ?”

ನಮ್ಮ ಓಣಿಯ ಬಡಿಗೇರ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು. ಹದಿನಾಲ್ಕು ಅಡಿಯ ದೋಣಿಯ ಅಚ್ಚು ಆಗಲೇ ಅವರ ಅಂಗಡಿಯ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ಬೋರಲಾಗಿ ನಿಂತಿತ್ತು. ನನ್ನ ಮೊಬೈಲಿನಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿನ ಫೋಟೊ. ಚೆಂದ ಕಾಣಲಿ ಅಂತ, ಅಂದೆ. ಕಾಕಾ ನಕ್ಕರು. ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ ಇನ್ನೊಂದು ಪ್ರಶ್ನೆ ಎಸೆದರು: “ಕೊರದು ಕೂಡಸಾಂವೋ, ಮ್ಯಾಲೆ ಅಂಟಸಾಂವೋ, ಇಲ್ಲಾ ಪಟ್ಟಿಯೊಳಗ ಹೆಣಿಯಾಂವೋ?”

ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಬಾಗಲಕೋಟೆಯ ಬಿಸಿಲಲ್ಲಿ ಕೈಯಾರೆ ದೋಣಿ ಕಟ್ಟಿ ಆಲಮಟ್ಟಿ ಹಿನ್ನೀರಿಗೆ ಬಿಡುವ ಹುಚ್ಚು ಇನ್ನಾರಿಗಾದರೂ ಇದ್ದರೆ ಅವರ ಎರಡು ತಿಂಗಳು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ದೋಣಿ ಅಂದರೆ ಮೊದಲು ನೆನಪಾಗುವುದು ಹರಗೋಲು. ಬಿದಿರು ಹೆಣೆದು ಮೇಲೆ ಚರ್ಮವೋ ಡಾಂಬರು ಬಳಿದ ಬಟ್ಟೆಯೋ ಹೊದಿಸಿದ ಬುಟ್ಟಿ. ಅದರಲ್ಲಿ ಇನ್‌ಲೇಗೆ, ಅಂದರೆ ಮರದಲ್ಲಿ ಬೇರೆ ಬಣ್ಣದ ಮರ ಕೂರಿಸುವ ಅಲಂಕಾರಕ್ಕೆ, ಜಾಗವೇ ಇಲ್ಲ. ನಾನು ಹೇಳುತ್ತಿರುವುದು ಉತ್ತರ ಅಮೆರಿಕದಲ್ಲಿ ಸೀಡರ್ ಮರದ ತೆಳು ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ, ಒಳಗೂ ಹೊರಗೂ ಗಾಜಿನ ನೂಲಿನ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಹೊದಿಸಿ ಮಾಡುವ ಹಗುರ ದೋಣಿಯ ಬಗ್ಗೆ. ಎಪಾಕ್ಸಿಯಲ್ಲಿ ಒದ್ದೆಯಾದ ಕೂಡಲೇ ಆ ಬಟ್ಟೆ ಕಣ್ಣಿಗೆ ಕಾಣದಷ್ಟು ಪಾರದರ್ಶಕವಾಗುತ್ತದೆ, ಮರದ ಮೈ ಹಾಗೇ ಕಾಣುತ್ತದೆ. ಅಲಂಕಾರದ ಆಸೆ ಹುಟ್ಟುವುದೇ ಅಲ್ಲಿ.

ಇನ್‌ಲೇ ಅಂದಾಗ ಕನ್ನಡಿಗರ ಕಣ್ಣ ಮುಂದೆ ಮೈಸೂರಿನ ಬೀಟೆ ಹಲಗೆಗಳು ಬರುತ್ತವೆ. ಭೌಗೋಳಿಕ ಸೂಚಿ ಪಡೆದ ಕೆಲಸ ಅದು. ಬೀಟೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ತುಂಡು ಕೂರಿಸಿ, ಉಜ್ಜಿ, ಪಾಲಿಶ್ ಹೊಡೆಯುತ್ತಾರೆ. ಹಿಂದೆ ಆನೆದಂತವನ್ನೂ ಕೂರಿಸುತ್ತಿದ್ದರು. ಆದರೆ ಅದು ಗೋಡೆಗೆ ತೂಗುಬೀಳುವ ಕೆಲಸ, ನೆರಳಿನ ಕೆಲಸ. ನಮ್ಮ ದೋಣಿಯದು ಬೇರೆಯೇ ಬದುಕು. ಮೇ ತಿಂಗಳಲ್ಲಿ ಮೇಲುಭಾಗ ರೊಟ್ಟಿ ಬೇಯಿಸುವಷ್ಟು ಕಾಯುತ್ತದೆ, ಹೊಟ್ಟೆ ತಣ್ಣೀರಲ್ಲಿರುತ್ತದೆ. ನೀರು ಇಳಿದ ಕಾಲದಲ್ಲಿ ಹೊಲದ ಬದುವಿನ ಕಲ್ಲು, ಮುಳುಗಿ ಸತ್ತ ಜಾಲಿಯ ಮೋಟು ತಳವನ್ನು ಗೀರುತ್ತವೆ. ಹಾಗಾಗಿ ಯಾವ ಚಿತ್ರ ಚೆಂದ ಎನ್ನುವುದು ಕೊನೆಯ ಪ್ರಶ್ನೆ. ದೋಣಿಯ ಯಾವ ಭಾಗ ಏನನ್ನು ತಾಳಬೇಕು ಎನ್ನುವುದು ಮೊದಲನೆಯದು.

ಪಟ್ಟಿಯೊಳಗೇ ಹೆಣೆಯುವುದು

ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ದೋಣಿಯ ಮೈಗೆ ಇದನ್ನು ಬಿಟ್ಟು ಬೇರೆ ಬೇಡ. ಇಲ್ಲಿ ಅಲಂಕಾರ ಮೇಲೆ ಹಚ್ಚಿದ್ದಲ್ಲ, ಅಲಂಕಾರವೇ ದೋಣಿಯ ಗೋಡೆ. ಸುಮಾರು 20 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಪಟ್ಟಿಗಳ ಸಾಲಿನಲ್ಲಿ ಒಂದೋ ಎರಡೋ ಪಟ್ಟಿ ಮಾತ್ರ ಕಸೂತಿಯ ಪಟ್ಟಿ. ಏನನ್ನೂ ಕೊರೆಯುವುದಿಲ್ಲ, ಆದ್ದರಿಂದ ಯಾವ ಜಾಗವೂ ತೆಳುವಾಗುವುದಿಲ್ಲ.

ಮಾಡುವ ಬಗೆ ಕೇಳಿದರೆ ನೇಕಾರರಿಗೆ ನಗು ಬರಬಹುದು. ಬಿಳಿ ಮರದ ಹಲಗೆ, ಕಪ್ಪು ಮರದ ಹಲಗೆ ಒಂದರ ಮೇಲೊಂದು ಅಂಟಿಸಿ ಗಟ್ಟಿ ಮಾಡಿ. ಒಣಗಿದ ಮೇಲೆ ಆ ಗಟ್ಟಿಯನ್ನು 45 ಡಿಗ್ರಿ ಓರೆಗೆ ಹೋಳು ಹೋಳಾಗಿ ಕೊಯ್ಯಿರಿ. ಒಂದು ಬಿಟ್ಟು ಒಂದು ಹೋಳನ್ನು ಮಗುಚಿ ಮತ್ತೆ ಅಂಟಿಸಿದರೆ ಅಂಕುಡೊಂಕಿನ ಸಾಲು ಬರುತ್ತದೆ, ಥೇಟ್ ಕಸೂತಿಯ ಮುರಗಿ ಹೊಲಿಗೆ. ಅದನ್ನು ಉದ್ದಕ್ಕೆ 6 ಮಿಲಿಮೀಟರಿಗೆ ಸೀಳಿದರೆ ಒಂದೇ ಗಟ್ಟಿಯಿಂದ ಒಂದೇ ನಮೂನೆಯ ಹತ್ತಾರು ಪಟ್ಟಿ. ದೋಣಿಯ ಎರಡೂ ಮಗ್ಗುಲಿಗೆ ಜೋಡಿ ಸಿಕ್ಕಂತಾಯಿತು. ಬರೀ ನೇರ ಗೆರೆ ಸಾಕು ಎನ್ನುವವರಿಗೆ ಕಸೂತಿಯ ಇನ್ನೊಂದು ಹೊಲಿಗೆ, ಗವಂತಿ ಇದೆ: ಎರಡು ಬಿಳಿ ಪಟ್ಟಿಗಳ ನಡುವೆ 3 ಮಿಲಿಮೀಟರಿನ ಕಪ್ಪು ಎಳೆ. ಅಷ್ಟಕ್ಕೇ ದೋಣಿಯ ಮುಖ ಬದಲಾಗುತ್ತದೆ.

ನಾನು ಆಸೆಪಟ್ಟಿದ್ದು ತೋಪ ತೆನಿ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ಗೋಪುರಗಳ ಸಾಲು ನಿಲ್ಲುತ್ತದಲ್ಲ, ಅದು. ಪೂರ್ತಿ ಸೆರಗು ಪಟ್ಟಿಯಲ್ಲಿ ಬರುವುದಿಲ್ಲ, ಹಠ ಮಾಡಬೇಡಿ. ಒಂದೇ ಸಾಲು ಹಲ್ಲುಗಳು ಬರುತ್ತವೆ. ಅದೂ ತ್ರಿಕೋನದ ಚೂರುಗಳನ್ನು ಒಂದೊಂದಾಗಿ ಜೋಡಿಸಿ. ತ್ರಿಕೋನದ ಬುಡದ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ನೂರು ಹಲ್ಲು ದಾಟುವಷ್ಟರಲ್ಲಿ 50 ಮಿಲಿಮೀಟರ್ ತಪ್ಪುತ್ತದೆ, ಎಡ ಮಗ್ಗುಲ ಗೋಪುರ ಬಲ ಮಗ್ಗುಲ ಗೋಪುರಕ್ಕೆ ಎದುರಾಗುವುದಿಲ್ಲ. ಇದಕ್ಕೆ ಕಾಕಾ ಹೇಳಿದ ಉಪಾಯ: ನಡುಮಧ್ಯದಿಂದ ಶುರು ಮಾಡಿ ಎರಡೂ ಮೂತಿಗಳ ಕಡೆ ಹೋಗು. ತಪ್ಪು ಉಳಿದರೆ ತುದಿಯಲ್ಲಿ ಉಳಿಯುತ್ತದೆ, ತುದಿಯನ್ನು ಹೇಗೂ ಮುಚ್ಚುತ್ತೇವೆ.

ಈ ದಾರಿಯ ಕೊರತೆ ಒಂದಿದೆ. ಚೂರು ಕೂಡಿಸಿದ ಪಟ್ಟಿಯಲ್ಲಿ ಮರದ ಎಳೆ ಉದ್ದಕ್ಕೆ ಓಡುವುದಿಲ್ಲ, ಬಾಗಿಸಿದರೆ ಟಕ್ ಎನ್ನುತ್ತದೆ. ಹೊಟ್ಟೆಯ ತಿರುವಿನಲ್ಲಿ ಹಾಕಬೇಡಿ. ಬಾಯಂಚಿನ ಕೆಳಗೆ ಎರಡನೆಯದೋ ಮೂರನೆಯದೋ ಪಟ್ಟಿಯಾಗಿ ಹಾಕಿ, ಅಲ್ಲಿ ಬಾಗು ಮೆಲ್ಲಗಿರುತ್ತದೆ. ಕಲ್ಲು ತಾಗುವುದೂ ಕಡಿಮೆ, ನೋಡುವವರ ಕಣ್ಣು ಬೀಳುವುದೂ ಅಲ್ಲೇ. ಹದಿನಾಲ್ಕು ಅಡಿಯ ಪಟ್ಟಿ ಒಂದೇ ತುಂಡಿನಲ್ಲಿ ಸಿಗುವುದಿಲ್ಲ, ಉಳಿದ ಸಾದಾ ಪಟ್ಟಿಗಳನ್ನೂ ಓರೆ ಕೊಯ್ದು ಕೂಡಿಸಬೇಕು. ದಪ್ಪದ ಎಂಟು ಪಟ್ಟು ಓರೆ, ಅಂದರೆ 6 ಮಿಲಿಮೀಟರಿಗೆ 48. ಇಳಕಲ್ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ನಮ್ಮದು ಕೊಂಡಿಯಿಲ್ಲದ ಕೂಡಿಕೆ, ಓರೆಯ ಉದ್ದವೇ ಅದರ ಬಲ.

ಬಟ್ಟೆಯ ಕೆಳಗೆ ವಿನಿಯರ್

ಹೂವು, ಮಿಂಚುಳ್ಳಿ, ಮನೆದೇವರ ಗೋಪುರ, ಹೀಗೆ ಚಿತ್ರವೇ ಬೇಕು ಎನ್ನುವವರಿಗೆ ಇದೇ ದಾರಿ. ಅರ್ಧ ಮಿಲಿಮೀಟರಿನ ವಿನಿಯರ್, ಅಂದರೆ ತೆಳುವಾಗಿ ಸೀಳಿದ ಮರದ ಹಾಳೆಗಳಿಂದ ಚಿತ್ರ ಕತ್ತರಿಸಿ, ದೋಣಿಯ ಮೇಲ್ಮುಚ್ಚಳಕ್ಕೆ ಅಂಟಿಸಿ, ಅದರ ಮೇಲೆ ಗ್ಲಾಸ್ ಬಟ್ಟೆ. ಅಂಗಡಿಗೆ ಹೋಗಿ ಬರೀ ವಿನಿಯರ್ ಎಂದರೆ 4 ಮಿಲಿಮೀಟರ್ ಪ್ಲೈಗೆ ಅಂಟಿಸಿದ ಹಾಳೆ ಕೊಡುತ್ತಾರೆ. ಅದು ಬೀರುವಿನ ಬಾಗಿಲಿಗೆ. ನಮಗೆ ಬೇಕಿರುವುದು ಹಿಂಬದಿ ಇಲ್ಲದ ಬರೀ ಹಾಳೆ. ಬಿಡಿಸಿ ಹೇಳಿ ತರಿಸಿಕೊಳ್ಳಬೇಕು.

ಕತ್ತರಿಸಲು ಮೂರು ಉಪಾಯ. ಚೂಪಾದ ಕಟರ್ ಬ್ಲೇಡಿನಲ್ಲಿ ಕೈಯಿಂದ. ಸಣ್ಣ ಗರಗಸದಲ್ಲಿ ಎರಡು ಹಾಳೆ ಸೇರಿಸಿ, ಹತ್ತು ಡಿಗ್ರಿಯಷ್ಟು ಓರೆಗೆ ಕೊಯ್ದರೆ ಗರಗಸದ ಸಂದು ಮುಚ್ಚಿಹೋಗುತ್ತದೆ. ಇಲ್ಲವೇ ಲೇಸರ್. ಬೆಳಗಾವಿಯ ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶದಲ್ಲಿ ಹುಡುಕಿದರೆ ಮೆಷಿನ್ನು ಸಿಗುತ್ತದೆ, ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಲೇಸರ್ ಸುಡುತ್ತದೆ, ಪ್ರತಿ ಅಂಚಿಗೂ ಕಪ್ಪು ಗೆರೆ ಬೀಳುತ್ತದೆ. ಬೀಟೆಯಲ್ಲಿ ಅದು ಕಾಣದು, ಹಲಸಿನಲ್ಲಿ ಕಾಡಿಗೆ ಹಚ್ಚಿದಂತೆ ಕಾಣುತ್ತದೆ. ನನಗೇನೋ ಆ ಕಾಡಿಗೆ ಇಷ್ಟವಾಯಿತು, ಕಾಕಾಗೆ ಆಗಲಿಲ್ಲ.

ನೆರಳು ಬೇಕಿದ್ದರೆ ಬಣ್ಣ ಹಚ್ಚಬೇಡಿ. ಜರಡಿ ಹಿಡಿದ ಸಣ್ಣ ಮರಳನ್ನು ಬಾಣಲೆಯಲ್ಲಿ ಕಾಯಿಸಿ, ವಿನಿಯರ್ ಚೂರಿನ ಅಂಚನ್ನು ಕೆಲವು ಸೆಕೆಂಡು ಅದ್ದಿ ತೆಗೆಯಿರಿ. ಅಂಚು ಕಂದಾಗಿ ಒಳಕ್ಕೆ ಹೋದಂತೆ ತಿಳಿಯಾಗುತ್ತದೆ. ಕೃಷ್ಣೆಯ ಮರಳನ್ನು ಹೀಗೂ ಬಳಸಬಹುದೆಂದು ನನ್ನ ಹೆಂಡತಿಗೆ ಬಾಣಲೆ ಹೋದ ಮೇಲೆ ಗೊತ್ತಾಯಿತು.

ಚೂರುಗಳನ್ನು ಅಂಟಿಸಲು ಫೆವಿಕಾಲ್ ಬೇಡ. ಪಟ್ಟಿಗಳ ಮಗ್ಗುಲಿಗೆ ಅದು ನಡೆಯುತ್ತದೆ, ಏಕೆಂದರೆ ಆಮೇಲೆ ಎರಡೂ ಕಡೆ ಎಪಾಕ್ಸಿ ಮುಚ್ಚುತ್ತದೆ. ವಿನಿಯರಿಗೆ ಹಾಕಿದರೆ ತೆಳು ಹಾಳೆಯ ರಂಧ್ರದಿಂದ ಮೇಲೆ ಬಂದು, ಅಲ್ಲಿ ಎಪಾಕ್ಸಿ ಇಳಿಯದೆ ಬಿಳಿ ಮಚ್ಚೆಯಾಗಿ ಉಳಿಯುತ್ತದೆ. ಎಪಾಕ್ಸಿಯಿಂದಲೇ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮರಳಿನ ಚೀಲ ಹೇರಿ. ಉಜ್ಜುವಾಗ ಮೆಷಿನ್ನು ಮುಟ್ಟಬೇಡಿ. ಅರ್ಧ ಮಿಲಿಮೀಟರ್ ಅಂದರೆ ಮೆಷಿನ್ನಿಗೆ ಮೂರು ಉಸಿರಿನ ಕೆಲಸ. 180 ನಂಬರ್ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಕೈಯಿಂದಲೇ.

ತೋಡಿ ಕೂರಿಸುವುದು

ಮೈಸೂರಿನ ಪದ್ಧತಿ. ನೋಡಲು ಎಲ್ಲಕ್ಕಿಂತ ಶ್ರೀಮಂತ, ದೋಣಿಯ ಮೈಗೆ ಎಲ್ಲಕ್ಕಿಂತ ಅಪಾಯ. 6 ಮಿಲಿಮೀಟರ್ ಪಟ್ಟಿಯಲ್ಲಿ 2 ಮಿಲಿಮೀಟರ್ ತೋಡಿದರೆ ಉಳಿಯುವುದು ನಾಲ್ಕು, ಅದರಲ್ಲಿ ಉಜ್ಜುವಾಗ ಇನ್ನಷ್ಟು ಹೋಗುತ್ತದೆ. ಪ್ಲೈವುಡ್ ದೋಣಿಯಾದರೆ ಕೇಳುವುದೇ ಬೇಡ. 4 ಮಿಲಿಮೀಟರ್ ಪ್ಲೈಯ ಬಲವೆಲ್ಲ ಹೊರಗಿನ ಪದರದಲ್ಲಿದೆ, ಅದನ್ನೇ ಕೊರೆದರೆ ಐಎಸ್ 710 ಮುದ್ರೆಯ, ನೀರು ತಾಳುವ ಮರೀನ್ ಪ್ಲೈ ತಂದು ಏನು ಬಂತು?

ಮರ ಉಸಿರಾಡುವ ವಿಷಯವೂ ಇದೆ. ಎಳೆಯ ಅಡ್ಡಕ್ಕೆ ಮರ ಹಿಗ್ಗುತ್ತದೆ ಕುಗ್ಗುತ್ತದೆ, ಉದ್ದಕ್ಕೆ ಬಹುಪಾಲು ಇಲ್ಲ. ನಮ್ಮ ಊರಲ್ಲಿ ಏಪ್ರಿಲ್‌ನ ಒಣಗಾಳಿಗೂ ಆಗಸ್ಟಿನ ತೇವಕ್ಕೂ ಅಜಗಜಾಂತರ. ಗುಳಿಯ ಎಳೆ ಒಂದು ದಿಕ್ಕು, ಕೂರಿಸಿದ ತುಂಡಿನ ಎಳೆ ಇನ್ನೊಂದು ದಿಕ್ಕಾದರೆ ಒಂದೆರಡು ವರ್ಷಕ್ಕೆ ಅಂಚಿನಲ್ಲಿ ಕೂದಲೆಳೆಯ ಬಿರುಕು. ಆ ಬಿರುಕು ಎಪಾಕ್ಸಿಯನ್ನೂ ಸೀಳಿದರೆ ನೀರು ಒಳಗೆ ಹೋಗಲು ದಾರಿಯಾಯಿತು.

ಹಾಗಂತ ಇದನ್ನು ಕೈಬಿಡಬೇಕಿಲ್ಲ. ಹುಟ್ಟಿನ ಅಲಗು, ಕೂರುವ ಹಲಗೆ, ಮೂತಿಯ ಸಣ್ಣ ಮುಚ್ಚಳ, ಇವೆಲ್ಲ ಗಟ್ಟಿ ಮರದವು, ದಪ್ಪ ಇರುವಂಥವು. ಅಲ್ಲಿ ಧೈರ್ಯವಾಗಿ ತೋಡಿ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ರೂಟರಿನಲ್ಲಿ ಕೊರೆಸಿದರೆ ಒಂದು ಮಾತು ನೆನಪಿರಲಿ: 3 ಮಿಲಿಮೀಟರ್ ಬಿಟ್ ಸುತ್ತುವುದರಿಂದ ಒಳಮೂಲೆಗಳೆಲ್ಲ ದುಂಡಗಾಗುತ್ತವೆ. ಮಲ್ಲಿಗೆ ಎಸಳಿಗೆ ಅಡ್ಡಿಯಿಲ್ಲ, ತೋಪ ತೆನಿಯ ಚೂಪು ತುದಿಗೆ ಆಗದು. ಆ ಮೂಲೆಗಳನ್ನು ಉಳಿ ಹಿಡಿದು ಕೈಯಿಂದಲೇ ಬಿಡಿಸಬೇಕು. ಬಡಿಗೇರ ಕೂಲಿಯನ್ನು ಲೆಕ್ಕ ಹಾಕುವಾಗ ಇದನ್ನು ಸೇರಿಸಿ, ಆಮೇಲೆ ಜಗಳ ಬೇಡ.

ಹಿತ್ತಾಳೆ ತಂತಿ ಕೂರಿಸುವುದನ್ನು ಕೆಲವರು ಕೇಳುತ್ತಾರೆ. ಉತ್ತರಪ್ರದೇಶದ ಮೈನ್‌ಪುರಿಯ ತಾರಕಶಿ ನೋಡಿದವರಿಗೆ ಆಸೆ ಆಗುವುದು ಸಹಜ. ಬಿಸಿಲಿಗೆ ಹಿತ್ತಾಳೆ ಒಂದು ಲೆಕ್ಕದಲ್ಲಿ ಹಿಗ್ಗುತ್ತದೆ, ಮರ ಇನ್ನೊಂದು ಲೆಕ್ಕದಲ್ಲಿ. ಹುಟ್ಟಿನ ಹಿಡಿಕೆಗೆ ಒಂದು ಬಳೆ ಸಾಕು. ಬಣ್ಣ ಬಳಿಯುವುದೂ ಒಂದು ದಾರಿಯೇ. ಗೋಕಾಕದ ಮರದ ಹಣ್ಣು, ತರಕಾರಿ ನೋಡಿದವರು ಬಣ್ಣವನ್ನು ಕೀಳೆನ್ನಲಾರರು. ಆದರೆ ಈ ಬರಹ ಮರದ ಬಣ್ಣದ್ದು.

ಯಾವ ಮರದ ಪಕ್ಕ ಯಾವ ಮರ

ಹೊಸದರಲ್ಲಿ ಎಲ್ಲ ಜೋಡಿಯೂ ಚೆಂದ. ಮೂರು ವರ್ಷದ ಬಿಸಿಲು ಕಳೆದ ಮೇಲೆ ನೋಡಬೇಕು. ಹಲಸಿನ ಹಳದಿ ಕಂದುಬಂಗಾರವಾಗುತ್ತದೆ. ಪಡೌಕಿನ ಕೆಂಪು ಕಂದಾಗುತ್ತದೆ. ಬೀಟೆಯ ಕಪ್ಪು ತಿಳಿಯಾಗುತ್ತಾ ಕಂದಿನ ಕಡೆ ಬರುತ್ತದೆ. ಅಂದರೆ ಎಲ್ಲ ಮರವೂ ಒಂದೇ ಕಂದಿನ ಕಡೆಗೆ ನಡೆಯುತ್ತಿರುತ್ತವೆ. ಹಲಸು–ಪಡೌಕು ಜೋಡಿಯನ್ನು ಅಂಗಡಿಯಲ್ಲಿ ನೋಡಿ ಮರುಳಾಗಬೇಡಿ. ಬಣ್ಣದ ಅಂತರ ಶುರುವಿನಲ್ಲೇ ಅತಿಯಾಯಿತು ಎನ್ನಿಸುವಷ್ಟು ಇರಲಿ. ಬಣ್ಣ ಕುಡಿಸಿದ ನೀಲಿ, ಹಸಿರು ವಿನಿಯರ್ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಂಕಾಗುತ್ತದೆ. ಮಿಂಚುಳ್ಳಿಯ ನೀಲಿಯನ್ನು ನಾನು ಬಿಟ್ಟುಕೊಟ್ಟಿದ್ದು ಹಾಗೆ.

ಸೀಡರ್ ಇಲ್ಲಿ ಸಿಗದು, ಹುಡುಕುವುದೂ ಬೇಡ. ಮೈಗೆ ಶಿವಣಿ ಒಳ್ಳೆಯದು. ಬೆಳ್ಳಗೆ, ಹಗುರ, ಒಣಗಿದ ಮೇಲೆ ಅಷ್ಟಾಗಿ ತಿರುಚುವುದಿಲ್ಲ. ಕಪ್ಪಿಗೆ ಬೀಟೆ. ಆದರೆ ಅದು ಅರಣ್ಯ ಇಲಾಖೆಯ ಕಾಗದ ಕೇಳುವ ಮರ, ಅದರ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲೂ ಇದೆ. ಬಿಲ್ಲಿಲ್ಲದೆ ಒಂದು ತುಂಡೂ ತರಬೇಡಿ. ಹಳೆಯ ಮಂಚದ ಕಾಲು, ಮುರಿದ ತೊಟ್ಟಿಲು ಮನೆಯಲ್ಲಿದ್ದರೆ ಅದೇ ಸಾಕು. ದಡಿಗೆ ಬೇಕಾಗುವುದು ಎಷ್ಟು? ಒಂದು ಹಿಡಿ. ಬೀಟೆ ಬೇಡವೇ ಬೇಡ ಎಂದರೆ ಅಳಲೇಕಾಯಿ ಕಷಾಯದಲ್ಲಿ ಬಿಳಿ ಮರದ ಪಟ್ಟಿ ನೆನೆಸಿ, ಒಣಗಿಸಿ, ಕಬ್ಬಿಣದ ಮೊಳೆ ನೆನೆಸಿಟ್ಟ ವಿನೆಗರ್ ಬಳಿಯಿರಿ. ಕಲಂಕಾರಿಯ ಕಪ್ಪು ಹುಟ್ಟುವುದೂ ಇದೇ ಕಬ್ಬಿಣ–ಅಳಲೆಯ ಕೂಟದಿಂದ. ಬಣ್ಣ ಮೇಲ್ಮೈಯಲ್ಲಷ್ಟೇ ಇರುತ್ತದೆ, ಹಾಗಾಗಿ ಮೊದಲು ಉಜ್ಜಿ ಮುಗಿಸಿ ಆಮೇಲೆ ಬಳಿಯಬೇಕು.

ನನ್ನ ದೋಣಿಯ ಸಾಗವಾನಿ ಬಂದಿದ್ದು ಮುಳುಗಡೆಯಾದ ಹಳೇ ಬಾಗಲಕೋಟೆಯ ಮನೆಯೊಂದರ ಬಾಗಿಲ ಚೌಕಟ್ಟಿನಿಂದ. ಕೊಯ್ಯುವ ಮೊದಲು ಅಯಸ್ಕಾಂತ ಹಿಡಿದು ಇಂಚಿಂಚು ತಡವಿದೆವು, ಆದರೂ ಒಂದು ಮೊಳೆ ತಪ್ಪಿಸಿಕೊಂಡು ಸಾ ಮಿಲ್ಲಿನ ಬ್ಲೇಡು ಹಲ್ಲು ಕಳೆದುಕೊಂಡಿತು. ಮೊಳೆಯ ಸುತ್ತಲ ಕಪ್ಪು ಕಲೆಯ ತುಂಡನ್ನು ಬಿಸಾಡಲಿಲ್ಲ, ಮೂತಿಯ ಮುಚ್ಚಳಕ್ಕೆ ಇಟ್ಟುಕೊಂಡೆ.

ಸಾಗವಾನಿ, ಬೀಟೆ ಎರಡೂ ಎಣ್ಣೆ ಮರಗಳು. ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಿಂದ ಒರೆಸದಿದ್ದರೆ ಹಿಡಿತ ಬರುವುದಿಲ್ಲ. ಬೀಟೆಯ ಧೂಳು ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಮಾಸ್ಕ್ ಹಾಕಿಕೊಂಡೇ ಉಜ್ಜಿ.

ನಮ್ಮ ಬಿಸಿಲು, ಅವರ ಎಪಾಕ್ಸಿ

ಮೂರರಲ್ಲಿ ಯಾವುದನ್ನು ಆರಿಸಿದರೂ ಕೊನೆಗೆ ಕೈ ಕೊಡುವುದು ಇಲ್ಲಿ. ಕಲಸಿದ ಎಪಾಕ್ಸಿ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಿರುವ ಸಮಯ ಸಾಮಾನ್ಯವಾಗಿ 25 ಡಿಗ್ರಿಯದು. ಬಿಸಿ ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಮಗ್ಗಿನಲ್ಲಿ ಗುಂಪಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪ ಕಲಸಿ, ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬೇಗ ಗಟ್ಟಿಯಾಗದಿರಲೆಂದು ಅದನ್ನು ಗಟ್ಟಿ ಮಾಡುವ ಎರಡನೇ ದ್ರವ, ಹಾರ್ಡನರ್ ಕಡಿಮೆ ಹಾಕುವ ಜಾಣತನ ಬೇಡ, ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ನಿಧಾನದ ಹಾರ್ಡನರ್ ಬೇರೆಯೇ ಸಿಗುತ್ತದೆ.

ಹೊತ್ತು ಮುಖ್ಯ. ನಾನು ಮೊದಲ ಸಲ ಬೆಳಿಗ್ಗೆ ಎಂಟಕ್ಕೆ ತಂಪಿದೆ ಎಂದು ಬಳಿದೆ. ಹತ್ತು ಗಂಟೆಗೆ ಪತ್ರಾಸ್ ಕಾದು, ಮರ ಕಾದು, ಮರದ ರಂಧ್ರಗಳ ಗಾಳಿ ಹಿಗ್ಗಿ ಮೇಲೆದ್ದು, ಇಡೀ ಮುಚ್ಚಳದ ಮೇಲೆ ಮೊಸರನ್ನದ ಸಾಸಿವೆಯಂತೆ ಗುಳ್ಳೆಗಳು. ಮರ ತಣಿಯುವ ಹೊತ್ತಿನಲ್ಲಿ ಬಳಿಯಬೇಕು, ಅಂದರೆ ಇಳಿಹೊತ್ತು. ಆಗ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಳಿದರೆ ಮಾರನೆಯ ದಿನ ಮೇಲೆ ಜಿಡ್ಡಿನ ಪೊರೆ ಬಂದಿರಬಹುದು. ಗಾಬರಿ ಬೇಡ, ಬರೀ ನೀರಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ. ತೊಳೆಯದೆ ಮುಂದಿನ ಪದರ ಬಳಿದರೆ ಮಾತ್ರ ಹೋಯಿತು.

ಗ್ಲಾಸ್ ಬಟ್ಟೆ ಕೇಳಿದರೆ ನೀರಿನ ಟ್ಯಾಂಕು, ಕಾರಿನ ಬಂಪರ್ ರಿಪೇರಿ ಅಂಗಡಿಯವರು ಮ್ಯಾಟ್ ಕೊಡುತ್ತಾರೆ. ಕತ್ತರಿಸಿದ ನೂಲನ್ನು ಅಂಟಿನಿಂದ ಹಿಡಿದಿಟ್ಟ ಹಾಳೆ ಅದು. ಆ ಅಂಟು ಅವರ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಪಟ್ಟ ಪಾಡೆಲ್ಲ ಬಿಳಿ ಮಂಜಿನ ಹಿಂದೆ ಮರೆಯಾಗುತ್ತದೆ. ನಮಗೆ ಬೇಕಾದ್ದು ನೇಯ್ದ ಬಟ್ಟೆ, ಚದರ ಮೀಟರಿಗೆ 200 ಗ್ರಾಂ ತೂಕದ್ದು. ಪಾಲಿಯೆಸ್ಟರ್ ರೆಸಿನ್ ಅಗ್ಗ ಎಂದು ಹೇಳುವವರ ಮಾತು ಕೇಳಬೇಡಿ, ಎಣ್ಣೆ ಮರಕ್ಕೆ ಅದು ಹಿಡಿಯುವುದಿಲ್ಲ.

ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯೇಳುತ್ತದೆ, ಆದ್ದರಿಂದ ಮೇಲೆ ಯುವಿ ತಡೆಯುವ ಮರೀನ್ ವಾರ್ನಿಶ್ ನಾಲ್ಕೈದು ಕೈ. ಮನೆಯ ಕುರ್ಚಿಗೆ ಹೊಡೆಯುವ ಮೆಲಮೈನ್, ಅರಗಿನ ಪಾಲಿಶ್ ಎರಡೂ ಬೇಡ. ಅರಗು ನೀರು ಬಿದ್ದಲ್ಲಿ ಬೆಳ್ಳಗಾಗುತ್ತದೆ. ಅಗಸಿ ಎಣ್ಣೆ ಉಜ್ಜಿದ ಮರಕ್ಕೆ ಎಪಾಕ್ಸಿ ಅಂಟುವುದಿಲ್ಲ. ಎಣ್ಣೆಯ ಆಸೆ ಇದ್ದವರು ಹುಟ್ಟಿನ ಹಿಡಿಕೆಗೆ ಹಚ್ಚಿ, ಉಳಿದ ಅಗಸಿ ಹಿಂಡಿಯಾಗಲಿ.

ಇಷ್ಟರ ಮೇಲೂ ಯಾವುದೆಂದು ತೀರ್ಮಾನಕ್ಕೆ ಬರದವರು ನಾವು ಮಾಡಿದ್ದನ್ನೇ ಮಾಡಬಹುದು. ಅಂಗೈಯಗಲದ ಮೂರು ತುಂಡು ಮಾಡಿದೆವು: ಒಂದು ಮುರಗಿ ಪಟ್ಟಿ, ಒಂದು ವಿನಿಯರ್ ಎಲೆ, ಒಂದು ತೋಡಿ ಕೂರಿಸಿದ ಚುಕ್ಕಿ. ಮೂರಕ್ಕೂ ಒಂದೇ ಬಟ್ಟೆ, ಒಂದೇ ಎಪಾಕ್ಸಿ. ಹಗಲೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ, ರಾತ್ರಿ ನೀರು ತುಂಬಿದ ಬಕೆಟ್ಟಿಗೆ. ಹದಿನೈದು ದಿನ. ಚುಕ್ಕಿಯ ಅಂಚು ಬೆರಳಿಗೆ ತಾಗುವಷ್ಟು ಎದ್ದಿತ್ತು. ಎಲೆಯ ತೊಟ್ಟಿನ ಬಳಿ ಒಂದು ಗುಳ್ಳೆ, ಅದು ನನ್ನ ಬೆಳಗಿನ ಎಪಾಕ್ಸಿಯ ಪಾಪ. ಕಾಕಾ ಮೂರನ್ನೂ ಉಗುರಿನಿಂದ ಗೀರಿ ನೋಡಿದರು, ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಮುರಗಿ ಪಟ್ಟಿಯ ತುಂಡನ್ನು ಅಂಗಿಯ ಕಿಸೆಗೆ ಹಾಕಿಕೊಂಡು, “ನಾಳಿ ಬೀಟಿ ತುಂಡು ತಗೊಂಬಾ, ಕೊಯ್ಯೂಣು” ಎಂದರು.